ಕಿಮೋಥೆರಪಿ ಪಡೆದು ಮನೆಗೆ ಮರಳಿದವರ ಶುಶ್ರೂಷೆ: ದಿನಗಳನ್ನು ಎಣಿಸುವ ಕ್ರಮ

ಅಧ್ಯಯನ ಪಾಠ – ರಾಜೇಶ್ವರ ಹೋಬಳಿಯ ಸಮುದಾಯ ಆರೋಗ್ಯ ಅಧಿಕಾರಿಗಳು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು, ಆಶಾ ಕಾರ್ಯಕರ್ತೆಯರು ಹಾಗೂ ಗ್ರಾಮ ಪಂಚಾಯತ್ ಸದಸ್ಯರ ಉಪಯೋಗಕ್ಕಾಗಿ

1. ಪಾಠದ ಉದ್ದೇಶ

ರಾಜೇಶ್ವರವು ಹುಮನಾಬಾದ್ ಮತ್ತು ಬಸವಕಲ್ಯಾಣಗಳ ನಡುವೆ ರಾಷ್ಟ್ರೀಯ ಹೆದ್ದಾರಿ 65ರ ಮೇಲಿರುವ ಗ್ರಾಮ. ಈ ಹೆದ್ದಾರಿಯಲ್ಲಿ ಪೂರ್ವಕ್ಕೆ ಸಾಗಿದರೆ ಹೈದರಾಬಾದ್, ಪಶ್ಚಿಮಕ್ಕೆ ಸಾಗಿದರೆ ಸೊಲ್ಲಾಪುರ. ಹುಮನಾಬಾದಿನಿಂದ ದಕ್ಷಿಣಕ್ಕೆ ತಿರುಗಿದರೆ ಕಲಬುರಗಿ. ಈ ಭಾಗದ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆ ಹೋಗುವ ದಾರಿಗಳೂ ಇವೇ. ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆ, ಕಲಬುರಗಿಯ ಕಿದ್ವಾಯಿ ಬಾಹ್ಯ ಕೇಂದ್ರ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ದೂರದ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ – ಇವೆಲ್ಲವೂ ರೋಗಿಯ ಮನೆಯಿಂದ ಗಂಟೆಗಳ ಪ್ರಯಾಣದಷ್ಟು ದೂರದಲ್ಲಿವೆ.

ಕಿಮೋಥೆರಪಿಯ ಔಷಧ ರಕ್ತನಾಳದಲ್ಲಿ ಹರಿಯುವುದು ಆ ಆಸ್ಪತ್ರೆಗಳಲ್ಲಿ, ಕೆಲವೇ ಗಂಟೆಗಳ ಕಾಲ. ಅದರ ಅಡ್ಡಪರಿಣಾಮಗಳು ತಲೆದೋರುವುದು ಮನೆಯಲ್ಲಿ, ಮುಂದಿನ ಎರಡು ಮೂರು ವಾರಗಳಲ್ಲಿ. ರೋಗಿಗೆ ಅತ್ಯಂತ ಅಪಾಯದ ದಿನ ಸೂಜಿ ಚುಚ್ಚಿದ ದಿನವಲ್ಲ. ವಾಂತಿ ನಿಂತು, ಊಟ ಸೇರತೊಡಗಿ, ಮನೆಯವರು ನೆಮ್ಮದಿಯ ಉಸಿರು ಬಿಡುವ ಎರಡನೆಯ ವಾರದಲ್ಲಿ ಆ ದಿನ ಬರುತ್ತದೆ. ಆಗ ಬರುವ ಒಂದು ಜ್ವರವನ್ನು ಸಾಮಾನ್ಯ ಜ್ವರವೆಂದು ತಿಳಿದು ಒಂದು ರಾತ್ರಿ ಕಳೆದರೆ, ಗಡ್ಡೆ ಕರಗುತ್ತಿರುವಾಗಲೇ ಸೋಂಕಿನಿಂದ ಪ್ರಾಣ ಹೋಗಬಹುದು. ಆದುದರಿಂದ ಗ್ರಾಮಮಟ್ಟದ ಶುಶ್ರೂಷೆಯ ಮೊದಲ ಕೆಲಸ ದಿನಗಳನ್ನು ಎಣಿಸುವುದು. ಈ ಪಾಠದ ಸಾರ ಇಷ್ಟೇ. ಉಳಿದುದೆಲ್ಲ ಅದರ ವಿವರಣೆ.

2. ಅಡ್ಡಪರಿಣಾಮಗಳೇಕೆ ಉಂಟಾಗುತ್ತವೆ?

ಕ್ಯಾನ್ಸರ್ ಜೀವಕೋಶಗಳು ವೇಗವಾಗಿ ಇಮ್ಮಡಿಸುತ್ತವೆ. ಕಿಮೋಥೆರಪಿಯ ಹೆಚ್ಚಿನ ಔಷಧಗಳು ಹೀಗೆ ವೇಗವಾಗಿ ವಿಭಜನೆಗೊಳ್ಳುವ ಕೋಶಗಳನ್ನು ನಾಶಪಡಿಸುತ್ತವೆ. ಆದರೆ ಆರೋಗ್ಯವಂತ ಶರೀರದಲ್ಲಿಯೂ ವೇಗವಾಗಿ ಬೆಳೆಯುವ ನಾಲ್ಕು ತಾಣಗಳಿವೆ: ಮೂಳೆಯೊಳಗಿನ ಅಸ್ಥಿಮಜ್ಜೆ, ಬಾಯಿಯ ಒಳಪದರ, ಕರುಳಿನ ಒಳಪದರ ಮತ್ತು ಕೂದಲಿನ ಬುಡ. ಔಷಧಕ್ಕೆ ಇವುಗಳ ಭೇದ ತಿಳಿಯದು. ಆದುದರಿಂದಲೇ ರಕ್ತಕಣಗಳು ಕುಸಿಯುತ್ತವೆ, ಬಾಯಿ ಹುಣ್ಣಾಗುತ್ತದೆ, ಭೇದಿಯಾಗುತ್ತದೆ, ಕೂದಲು ಉದುರುತ್ತದೆ. ಕ್ಯಾನ್ಸರಿನ ಕೋಶಗಳಿಗಿಂತ ಆರೋಗ್ಯವಂತ ಕೋಶಗಳು ಬೇಗ ಚೇತರಿಸಿಕೊಳ್ಳುವುದರಿಂದ ಎರಡು ಸುತ್ತುಗಳ ನಡುವೆ ಬಿಡುವು ಇಡಲಾಗುತ್ತದೆ. ಅನೇಕ ಚಿಕಿತ್ಸಾ ಕ್ರಮಗಳಲ್ಲಿ ಈ ಅವಧಿ 21 ದಿನ.

ಅಸ್ಥಿಮಜ್ಜೆ ಮೂರು ಬಗೆಯ ಕಣಗಳನ್ನು ತಯಾರಿಸುತ್ತದೆ. ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳ ಆಯಸ್ಸು ಬಹಳ ಕಡಿಮೆ. ಹೊಸವು ಹುಟ್ಟದಿದ್ದರೆ ಅವು ಬೇಗ ಮುಗಿದುಹೋಗುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಸುಮಾರು 8ರಿಂದ 10 ದಿನ ಬಾಳುತ್ತವೆ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಆದ್ದರಿಂದ ಸೋಂಕಿನ ಭಯ ಮೊದಲು ಬರುತ್ತದೆ, ರಕ್ತಸ್ರಾವದ ಭಯ ಅದರ ಹಿಂದೆಯೇ ಬರುತ್ತದೆ, ರಕ್ತಹೀನತೆಯ ಆಯಾಸ ಸುತ್ತಿನಿಂದ ಸುತ್ತಿಗೆ ಮೆಲ್ಲನೆ ಏರುತ್ತದೆ. ಈ ಅನುಕ್ರಮ ತಿಳಿದವರಿಗೆ ಯಾವ ದಿನ ಏನನ್ನು ನೋಡಬೇಕೆಂಬುದು ತಾನಾಗಿ ತಿಳಿಯುತ್ತದೆ.

3. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ವಿಧಾನ

ರೋಗಿಯು ಊರಿಗೆ ಮರಳಿದ ಮೊದಲ ಭೇಟಿಯಲ್ಲಿಯೇ ಬಿಡುಗಡೆ ಚೀಟಿಯನ್ನು ನೋಡತಕ್ಕದ್ದು. ಈ ಚೀಟಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಮೌಖಿಕ ಸೂಚನೆಗಳು ಆಸ್ಪತ್ರೆಗೆ ತಕ್ಕಂತೆ ತೆಲುಗು, ಮರಾಠಿ ಅಥವಾ ಹಿಂದಿಯಲ್ಲಿ ದೊರೆತಿರುತ್ತವೆ. ಮನೆಯವರು ಎಷ್ಟನ್ನು ಗ್ರಹಿಸಿದ್ದಾರೆಂಬುದನ್ನು ಊಹಿಸಿಕೊಳ್ಳದೆ, ಅವರಿಂದಲೇ ಹೇಳಿಸಿ ಕೇಳಬೇಕು. ಬಳಿಕ ಗೋಡೆಯ ಕ್ಯಾಲೆಂಡರಿನಲ್ಲಿ ಹೀಗೆ ಗುರುತಿಸಬೇಕು.

ಔಷಧ ನೀಡಿದ ದಿನವನ್ನು 1ನೆಯ ದಿನವೆಂದು ಬರೆಯಬೇಕು. ಉದಾಹರಣೆಗೆ, ತಿಂಗಳ 3ನೆಯ ತಾರೀಖು ಔಷಧ ಪಡೆದಿದ್ದರೆ 9ನೆಯ ತಾರೀಖು 7ನೆಯ ದಿನ, 16ನೆಯ ತಾರೀಖು 14ನೆಯ ದಿನ. 9ರಿಂದ 16ರವರೆಗಿನ ಮನೆಗಳನ್ನು ಕೆಂಪು ಬಣ್ಣದಿಂದ ಸುತ್ತಬೇಕು. ಇವು ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಅತ್ಯಂತ ಕೆಳಮಟ್ಟಕ್ಕೆ ಇಳಿಯುವ ದಿನಗಳು. 21 ದಿನಗಳ ಕ್ರಮವಾದರೆ ಮುಂದಿನ ಸುತ್ತು 24ನೆಯ ತಾರೀಖಿಗೆ ಬರುತ್ತದೆ. ಕೆಲವು ಔಷಧಗಳಲ್ಲಿ ಈ ಕುಸಿತ ತಡವಾಗಿ ಬರಬಹುದು. ವಾರಕ್ಕೊಮ್ಮೆ ಔಷಧ ಪಡೆಯುವವರಿಗೆ ಎಲ್ಲ ದಿನಗಳೂ ಎಚ್ಚರದ ದಿನಗಳೇ. ಆದುದರಿಂದ ಕೆಂಪು ದಿನಗಳ ಹೊರಗೆ ಜ್ವರ ಬಂದರೂ ಅದನ್ನು ಕಡೆಗಣಿಸುವಂತಿಲ್ಲ.

ಅದೇ ಕ್ಯಾಲೆಂಡರಿನ ಮೇಲೆ ಚಿಕಿತ್ಸೆ ನೀಡುವ ಆಸ್ಪತ್ರೆಯ ದೂರವಾಣಿ ಸಂಖ್ಯೆ, ಆಶಾ ಕಾರ್ಯಕರ್ತೆಯ ಸಂಖ್ಯೆ ಹಾಗೂ 108 ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯತಕ್ಕದ್ದು. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಅದನ್ನು ಓದಲು ಮನೆಯ ಇಬ್ಬರಿಗಾದರೂ ಕಲಿಸಿಕೊಡಬೇಕು.

4. ಜ್ವರ: ಕಾಯಬಾರದ ಲಕ್ಷಣ

ಕಿಮೋಥೆರಪಿ ಪಡೆಯುತ್ತಿರುವವರಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ ತುರ್ತು ಪರಿಸ್ಥಿತಿ. ಜ್ವರವಿಲ್ಲದೆ ಮೈನಡುಕ, ವಿಪರೀತ ನಿತ್ರಾಣ, ಮಂಪರು, ಏದುಸಿರು ಕಂಡರೂ ಹಾಗೆಯೇ ಭಾವಿಸಬೇಕು. ವಾಂತಿ ತಡೆಯಲು ನೀಡುವ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಜ್ವರವನ್ನು ಮರೆಮಾಡುವುದುಂಟು. ಪ್ಯಾರಾಸಿಟಮಾಲ್ ಕೂಡ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಉಷ್ಣತೆ ಅಳೆಯುವ ಮುನ್ನ ಪ್ಯಾರಾಸಿಟಮಾಲ್ ಕೊಡಕೂಡದು. ಕೊಟ್ಟು ಜ್ವರ ಇಳಿದರೆ ಅಪಾಯ ಕಳೆಯಿತೆಂದು ತಿಳಿಯಕೂಡದು.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕೀವು ಎಂಬುದು ಬಹುಪಾಲು ಬಿಳಿ ರಕ್ತಕಣಗಳಿಂದಲೇ ಆಗುವಂಥದು. ಆ ಕಣಗಳೇ ಇಲ್ಲದಾಗ ಗಾಯದಲ್ಲಿ ಕೀವು ಕಾಣಿಸುವುದಿಲ್ಲ, ಕೆಂಪು ಬಾವೂ ಅಷ್ಟಾಗಿ ಇರುವುದಿಲ್ಲ. ಸೋಂಕಿನ ಗುರುತೇ ಇಲ್ಲವೆಂದು ಸಮಾಧಾನಪಡುವ ಹೊತ್ತಿಗೆ ಅದು ರಕ್ತದಲ್ಲಿ ಹರಡಿರಬಹುದು. ಹಲವು ವೇಳೆ ಜ್ವರವೊಂದೇ ಸಿಗುವ ಸುಳಿವು.

ಆಗ ಮಾಡಬೇಕಾದುದು:

(ಅ) ಉಷ್ಣತೆ ಮತ್ತು ಸಮಯವನ್ನು ಬರೆದುಕೊಂಡು ಕೂಡಲೇ 108ಕ್ಕೆ ಕರೆ ಮಾಡುವುದು. ಬಳಿಕ ಚಿಕಿತ್ಸೆ ನೀಡುವ ಆಸ್ಪತ್ರೆಗೆ ತಿಳಿಸಿ ಅವರ ಸಲಹೆ ಪಡೆಯುವುದು.

(ಆ) ರಾತ್ರಿಯಾದರೂ ಬೆಳಗಿನವರೆಗೆ ಕಾಯದಿರುವುದು. ದೂರದ ನಗರಕ್ಕೆ ಹೊರಡುವ ಸಿದ್ಧತೆಯಲ್ಲಿ ಕಾಲ ಕಳೆಯದೆ ಮೊದಲು ಹುಮನಾಬಾದ್ ಅಥವಾ ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು. ಅಲ್ಲಿಂದ ವೈದ್ಯರು ಬೀದರಿಗೋ ಬೇರೆಡೆಗೋ ಕಳುಹಿಸುವುದನ್ನು ನಿರ್ಧರಿಸುತ್ತಾರೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಪ್ರತಿಜೀವಕ ಆರಂಭವಾಗಬೇಕೆಂಬುದು ಅಂಗೀಕೃತ ಗುರಿ.

(ಇ) ಚಿಕಿತ್ಸಾ ಕಡತವನ್ನು ಜೊತೆಗೊಯ್ಯುವುದು. ಆಸ್ಪತ್ರೆಯ ಬಾಗಿಲಲ್ಲಿ ಮೊದಲ ಮಾತು ಹೀಗಿರಬೇಕು: “ಇವರು ಕಿಮೋಥೆರಪಿ ಪಡೆದು ಇಂದಿಗೆ ಹತ್ತನೆಯ ದಿನ. ಜ್ವರ 101 ಡಿಗ್ರಿ ಇದೆ.” ಬರೀ ‘ಜ್ವರ’ ಎಂದರೆ ರೋಗಿಯು ಸಾಮಾನ್ಯ ಸರದಿಯಲ್ಲಿ ನಿಲ್ಲಬೇಕಾದೀತು. ಈ ಒಂದು ವಾಕ್ಯವನ್ನು ಮನೆಯವರಿಗೆ ಬಾಯಿಪಾಠ ಮಾಡಿಸತಕ್ಕದ್ದು.

(ಈ) ಗುದದ್ವಾರದಿಂದ ಉಷ್ಣತೆ ಅಳೆಯುವುದು, ಎನಿಮಾ ಕೊಡುವುದು, ಪೃಷ್ಠಕ್ಕೆ ಚುಚ್ಚುಮದ್ದು ಹಾಕುವುದು – ಈ ಮೂರನ್ನೂ ಮಾಡಕೂಡದು. ಜ್ವರ ಬಂದ ಕೂಡಲೇ ‘ಒಂದು ಸೂಜಿ’ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿ ಬಲವಾಗಿರುವುದರಿಂದ ಈ ಎಚ್ಚರಿಕೆಯನ್ನು ಮೊದಲೇ ಹೇಳಿರಬೇಕು. ಪ್ಲೇಟ್‌ಲೆಟ್ ಕುಸಿದವರಲ್ಲಿ ಸ್ನಾಯುವಿನೊಳಗೆ ಚುಚ್ಚಿದ ಜಾಗದಲ್ಲಿ ರಕ್ತ ಶೇಖರವಾಗುತ್ತದೆ, ಸೋಂಕಿಗೂ ದಾರಿಯಾಗುತ್ತದೆ.

5. ಸೋಂಕು ತಡೆಯುವ ದಿನಚರಿ

ಸಾಬೂನಿನಿಂದ ಕೈ ತೊಳೆಯುವುದು ಎಲ್ಲಕ್ಕಿಂತ ಮಿಗಿಲಾದ ರಕ್ಷಣೆ. ರೋಗಿಗೆ ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು, ಬಿಸಿಯಾಗಿ ಬೇಯಿಸಿದ ಊಟ ಕೊಡಬೇಕು. ಹಸಿ ತರಕಾರಿ, ಅರೆಬೆಂದ ಮೊಟ್ಟೆ ಮಾಂಸ, ಸಂತೆಯಲ್ಲಿ ಹೆಚ್ಚಿಟ್ಟ ಹಣ್ಣು, ರಸ್ತೆಬದಿಯ ಕಬ್ಬಿನ ಹಾಲು ಈ ದಿನಗಳಲ್ಲಿ ಬೇಡ. ಸಿಪ್ಪೆ ಸುಲಿದು ತಿನ್ನುವ ಬಾಳೆ, ಮೋಸಂಬಿಯನ್ನು ತೊಳೆದು ಮನೆಯಲ್ಲಿಯೇ ಸುಲಿದು ಕೊಡಬಹುದು. ಕೆಮ್ಮು, ನೆಗಡಿ ಇರುವವರು ರೋಗಿಯ ಬಳಿ ಬಾರದಿರಲಿ. ಕೆಂಪು ದಿನಗಳಲ್ಲಿ ಜಾತ್ರೆ, ಮದುವೆ, ಉರುಸುಗಳ ಜನಸಂದಣಿಗೆ ಹೋಗದಂತೆ ತಿಳಿಹೇಳಬೇಕು. ಕೊಟ್ಟಿಗೆ ಬಳಿಯುವುದು, ಗೊಬ್ಬರ ಮುಟ್ಟುವುದನ್ನು ಬೇರೆಯವರು ವಹಿಸಿಕೊಳ್ಳಬೇಕು.

ಕೆಲವು ರೋಗಿಗಳಿಗೆ ಬಿಳಿ ರಕ್ತಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದನ್ನು ಊರಿನಲ್ಲಿಯೇ ಹಾಕಿಸಿಕೊಳ್ಳುವಂತೆ ಬರೆದುಕೊಡುತ್ತಾರೆ. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಿಸಬಾರದು. ಬೇಸಿಗೆಯಲ್ಲಿ ಬಸ್ಸಿನ ಪ್ರಯಾಣದುದ್ದಕ್ಕೂ ಬರಿಯ ಚೀಲದಲ್ಲಿ ತಂದಿದ್ದರೆ ಹಾಕುವ ಮುನ್ನ ವೈದ್ಯಾಧಿಕಾರಿಯನ್ನು ಕೇಳತಕ್ಕದ್ದು. ಇದನ್ನು ಚರ್ಮದ ಕೆಳಗೆ ನೀಡಬೇಕು, ಸ್ನಾಯುವಿಗಲ್ಲ. ಬರೆದ ದಿನಕ್ಕಿಂತ ಮುಂಚೆ ನೀಡಕೂಡದು. ನಂತರ ಮೂಳೆನೋವು ಬರುವುದು ಸಾಮಾನ್ಯ.

6. ವಾಕರಿಕೆ ಮತ್ತು ವಾಂತಿ

ವಾಂತಿಯು ಮೊದಲ 24 ಗಂಟೆಗಳಲ್ಲಿ ಬರಬಹುದು, ಅಥವಾ ತಡವಾಗಿ ಆರಂಭವಾಗಿ ಐದಾರು ದಿನ ಕಾಡಬಹುದು. ಸಿಸ್‌ಪ್ಲಾಟಿನ್ ಪಡೆದವರಲ್ಲಿ ಎರಡು ಮೂರನೆಯ ದಿನ ಹೆಚ್ಚಾಗುವುದುಂಟು. ವಾಂತಿ ಮಾತ್ರೆಗಳನ್ನು ‘ವಾಂತಿಯಾದರೆ ನುಂಗೋಣ’ ಎಂದು ಉಳಿಸಿಕೊಳ್ಳದೆ ಬರೆದ ವೇಳೆಗೆ ಸರಿಯಾಗಿ ಸೇವಿಸಬೇಕು. ಆರಂಭವಾದ ವಾಂತಿಯನ್ನು ನಿಲ್ಲಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ಓಂಡಾನ್‌ಸೆಟ್ರಾನ್ ಮಲಬದ್ಧತೆ ತರುವುದರಿಂದ ಮಲವಿಸರ್ಜನೆಯ ಬಗ್ಗೆಯೂ ವಿಚಾರಿಸಬೇಕು.

ಊಟವನ್ನು ದಿನಕ್ಕೆ ಆರೇಳು ಬಾರಿ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಬಿಸಿ ಅಡುಗೆಯ ವಾಸನೆ ವಾಕರಿಕೆ ತರುವುದರಿಂದ, ಚೆನ್ನಾಗಿ ಬೇಯಿಸಿ ಮುಚ್ಚಿಟ್ಟು ಆರಿದ ತಕ್ಷಣ ಕೊಡುವುದು ಮೇಲು, ತಂಗಳು ಸಲ್ಲದು. ಒಗ್ಗರಣೆ ಹಾಕುವಾಗ ರೋಗಿಯನ್ನು ಹೊರಗೆ ಕೂರಿಸಬೇಕು. ಉಂಡ ಕೂಡಲೇ ಮಲಗಬಾರದು. ಒಂದು ಹಗಲು ಪೂರ್ತಿ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಆಸ್ಪತ್ರೆಗೆ ಕಳುಹಿಸಬೇಕು. ನಮ್ಮ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಿರ್ಜಲೀಕರಣ ಇನ್ನೂ ಬೇಗ ಆಗುತ್ತದೆ.

7. ಬಾಯಿಹುಣ್ಣು, ಭೇದಿ, ಮಲಬದ್ಧತೆ

ಬಾಯಿಹುಣ್ಣು ಸಾಮಾನ್ಯವಾಗಿ 5ರಿಂದ 14ನೆಯ ದಿನದೊಳಗೆ ಕಾಣಿಸುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ ಬೆರೆಸಿ, ಊಟದ ನಂತರ ಹಾಗೂ ಮಲಗುವ ಮುನ್ನ ಮುಕ್ಕಳಿಸಿ ಉಗುಳಬೇಕು. ಪ್ರತಿದಿನ ಹೊಸದಾಗಿ ತಯಾರಿಸಬೇಕು. ಮದ್ಯಸಾರವುಳ್ಳ ಮೌತ್‌ವಾಶ್ ಬೇಡ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಯಿಂದ ಹಲ್ಲುಜ್ಜುವ ರೂಢಿಯನ್ನು ಬಿಡಿಸಿ ಮೃದು ಬ್ರಷ್ ಕೊಡಿಸಬೇಕು. ತಂಬಾಕು, ಗುಟ್ಕಾ, ಸುಣ್ಣ ಹಚ್ಚಿದ ಎಲೆಯಡಿಕೆಯನ್ನು ಪೂರ್ಣವಾಗಿ ನಿಲ್ಲಿಸಬೇಕು. ಜೋಳದ ರೊಟ್ಟಿ ಬಿಟ್ಟರೆ ಊಟವಾದಂತಾಗದು ಎನ್ನುವವರಿಗೆ ರೊಟ್ಟಿಯನ್ನು ಚೂರು ಮಾಡಿ ಖಾರವಿಲ್ಲದ ತೊಗರಿಬೇಳೆಯ ಕಟ್ಟಿನಲ್ಲೋ ಹಾಲಿನಲ್ಲೋ ನೆನೆಸಿ ಕೊಡಬಹುದು. ಜೋಳದ ಅಂಬಲಿ, ಗಂಜಿ, ಮೆತ್ತನೆಯ ಕಿಚಡಿ, ಚೆನ್ನಾಗಿ ಬೆಂದ ಮೊಟ್ಟೆ ಸಲ್ಲುತ್ತವೆ. ನಾಲಗೆಯ ಮೇಲೆ ಬಿಳಿ ಪದರ ಕಟ್ಟಿದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು, ವೈದ್ಯರಿಗೆ ತೋರಿಸಬೇಕು.

ಭೇದಿಯಾದರೆ ಒಂದು ಲೀಟರ್ ಪ್ರಮಾಣದ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ 24 ಗಂಟೆಯೊಳಗೆ ಬಳಸಬೇಕು. ಎಂದಿಗಿಂತ ನಾಲ್ಕು ಬಾರಿ ಹೆಚ್ಚಿಗೆ ಹೋದರೆ, ರಕ್ತ ಬಿದ್ದರೆ, ಜೊತೆಗೆ ಜ್ವರವಿದ್ದರೆ ಮನೆಯಲ್ಲಿ ಇರಿಸಿಕೊಳ್ಳಬಾರದು. ಕ್ಯಾಪೆಸಿಟಾಬಿನ್ ಮಾತ್ರೆ ನುಂಗುವವರಲ್ಲಿ ಭೇದಿ ಕಂಡಾಗ, ಮುಂದಿನ ಮಾತ್ರೆ ನುಂಗುವ ಮುನ್ನ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳತಕ್ಕದ್ದು. ವಿನ್‌ಕ್ರಿಸ್ಟಿನ್ ಪಡೆದವರಲ್ಲಿ ಇದಕ್ಕೆ ವಿರುದ್ಧವಾಗಿ ತೀವ್ರ ಮಲಬದ್ಧತೆ ಬರಬಹುದು. ಹೊಟ್ಟೆ ಉಬ್ಬರಿಸಿ ಗಾಳಿಯೂ ಹೋಗದಿದ್ದರೆ ತುರ್ತಾಗಿ ಕಳುಹಿಸಬೇಕು.

8. ರಕ್ತಸ್ರಾವ, ಆಯಾಸ, ಕೈಕಾಲು ಜೋಮು

ಒಸಡಿನಿಂದ ರಕ್ತ, ಮೂಗಿನಿಂದ ರಕ್ತ, ಕಾಲಿನ ಮೇಲೆ ಸಾಸಿವೆಯಂತಹ ಕೆಂಪು ಚುಕ್ಕೆಗಳು, ಕಪ್ಪು ಮಲ – ಇವು ಪ್ಲೇಟ್‌ಲೆಟ್ ಕುಸಿತದ ಲಕ್ಷಣಗಳು, ವಿಳಂಬ ಸಲ್ಲದು. ಮೈಕೈ ನೋವಿಗೆಂದು ಅಂಗಡಿಯಲ್ಲಿ ದೊರೆಯುವ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಸೇವಿಸಕೂಡದು. ಆದರೆ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಪಡೆದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುವುದು ಔಷಧದ ಬಣ್ಣವೇ ಹೊರತು ರಕ್ತವಲ್ಲ. ಇದನ್ನು ಮೊದಲೇ ತಿಳಿಸಿದರೆ ಅನವಶ್ಯಕ ಗಾಬರಿ ತಪ್ಪುತ್ತದೆ.

ಆಯಾಸಕ್ಕೆ ಪೂರ್ಣ ಹಾಸಿಗೆ ಹಿಡಿಯುವುದು ಮದ್ದಲ್ಲ. ಬೆಳಗು ಸಂಜೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವುದರಿಂದ ಬಲ ಉಳಿಯುತ್ತದೆ. ಪ್ಯಾಕ್ಲಿಟಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್ ಪಡೆದವರಲ್ಲಿ ಬೆರಳುಗಳು ಜೋಮು ಹಿಡಿದು ಬಿಸಿ ತಣ್ಣನೆಯ ಅರಿವು ಕುಂದುತ್ತದೆ. ಒಲೆಯ ಮುಂದೆ ರೊಟ್ಟಿ ಸುಡುವ ಹೆಣ್ಣುಮಗಳಿಗೂ, ಬರಿಗಾಲಲ್ಲಿ ಹೊಲಕ್ಕೆ ಹೋಗುವ ರೈತನಿಗೂ ಇದರಿಂದ ಸುಟ್ಟ ಗಾಯ, ಮುಳ್ಳಿನ ಗಾಯವಾಗುವ ಸಂಭವವಿದೆ. ಸ್ನಾನದ ನೀರಿನ ಬಿಸಿಯನ್ನು ಬೇರೊಬ್ಬರು ನೋಡಬೇಕು. ಪಾದರಕ್ಷೆ ಸದಾ ಇರಬೇಕು. ರಾತ್ರಿ ಪಾದಗಳನ್ನು ಪರೀಕ್ಷಿಸಬೇಕು.

ಔಷಧ ಏರಿಸಿದ ಕೈಯಲ್ಲಿ ಉರಿ, ಬಾವು, ಗುಳ್ಳೆ ಕೆಲವು ದಿನಗಳ ನಂತರವೂ ಕಾಣಿಸಬಹುದು. ಆಗ ತಿಕ್ಕಬಾರದು, ಎಣ್ಣೆ ಹಚ್ಚಿ ನೀವಬಾರದು, ಸೊಪ್ಪು ಕಟ್ಟಬಾರದು. ಕೈಯನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ಆಸ್ಪತ್ರೆಗೆ ಕರೆ ಮಾಡಬೇಕು.

9. ಮನೆಯವರ ಸುರಕ್ಷತೆ

ಔಷಧದ ಅಂಶ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಸುಮಾರು 48 ಗಂಟೆಗಳ ಕಾಲ ಹೊರಬರುತ್ತದೆ. ಈ ಅವಧಿಯಲ್ಲಿ ಅವುಗಳನ್ನು ಬಳಿಯುವವರು ಕೈಗವಸು ಧರಿಸಬೇಕು. ಶೌಚಕ್ಕೆ ಎರಡು ಪಟ್ಟು ನೀರು ಹಾಕಬೇಕು. ಮಲಿನ ಬಟ್ಟೆಯನ್ನು ಪ್ರತ್ಯೇಕವಾಗಿ ಎರಡು ಬಾರಿ ಒಗೆಯಬೇಕು. ಗರ್ಭಿಣಿಯರಿಗೆ ಮತ್ತು ಮೊಲೆಯೂಡಿಸುವ ತಾಯಂದಿರಿಗೆ ಈ ಕೆಲಸ ಹಚ್ಚಕೂಡದು. ಕಿಮೋಥೆರಪಿ ಮಾತ್ರೆಗಳನ್ನು ಪುಡಿ ಮಾಡಬಾರದು, ಬರಿಗೈಯಿಂದ ಮುಟ್ಟಬಾರದು.

ಈ ಎಚ್ಚರಿಕೆಯನ್ನು ಹೇಳುವಾಗಲೇ ಇನ್ನೊಂದು ಮಾತನ್ನೂ ಒತ್ತಿ ಹೇಳತಕ್ಕದ್ದು: ಕ್ಯಾನ್ಸರ್ ಮುಟ್ಟಿದರೆ ಹರಡುವ ರೋಗವಲ್ಲ. ತಟ್ಟೆ ಲೋಟ ಬೇರೆ ಇಡುವುದು, ಮೂಲೆಯ ಕೋಣೆಗೆ ಸರಿಸುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು ರೋಗಿಯನ್ನು ಔಷಧಕ್ಕಿಂತ ಹೆಚ್ಚಾಗಿ ಬಳಲಿಸುತ್ತದೆ. ಕೈ ತೊಳೆದ ಆರೋಗ್ಯವಂತ ಮಗು ಅಜ್ಜಿಯ ಪಕ್ಕದಲ್ಲಿ ಕೂರಬಹುದು. ಕೂದಲು ಸಾಮಾನ್ಯವಾಗಿ ಎರಡು ಮೂರನೆಯ ವಾರದಲ್ಲಿ ಉದುರತೊಡಗುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ. ಉದುರುವ ಮೊದಲೇ ಇದನ್ನು ತಿಳಿಸಿದರೆ ಅದು ಕಂಡ ದಿನದ ಆಘಾತ ಕಡಿಮೆ. ಮನಸ್ಸು ಕುಗ್ಗಿದವರಿಗೆ ಟೆಲಿಮಾನಸ್ ಸಹಾಯವಾಣಿ 14416 ಲಭ್ಯವಿದೆ.

10. ಮನೆಮದ್ದಿನ ವಿಚಾರ

ಗುಡಿಯಂಗಳದಲ್ಲಿ ಬೆಳೆಯುವ ನಿತ್ಯಪುಷ್ಪ ಗಿಡದಿಂದ ವಿನ್‌ಕ್ರಿಸ್ಟಿನ್ ಔಷಧ ದೊರೆತಿರುವುದು ನಿಜ. ಆದರೆ ಆ ಔಷಧವನ್ನು ಗಿಡದಿಂದ ಬೇರ್ಪಡಿಸಿ, ಶುದ್ಧಗೊಳಿಸಿ, ಮಿಲಿಗ್ರಾಮುಗಳ ಲೆಕ್ಕದಲ್ಲಿ ರಕ್ತನಾಳಕ್ಕೆ ಮಾತ್ರ ನೀಡಲಾಗುತ್ತದೆ. ಎಲೆ ಅರೆದು ಕುಡಿಯುವುದು ಔಷಧವಲ್ಲ, ವಿಷ. ಮೆಥೋಟ್ರೆಕ್ಸೇಟ್ ಔಷಧದ ಹಿಂದೆ ನಮ್ಮ ನೆರೆಯ ತೆಲುಗು ನಾಡಿನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಸಂಶೋಧನೆಯಿದೆ. ಇಂತಹ ಔಷಧಗಳ ಪ್ರಮಾಣದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಜೀವಕ್ಕೆ ಮುಳುವು. ಆದುದರಿಂದ ಕಿಮೋಥೆರಪಿ ನಡೆದಿರುವಾಗ ಯಾವುದೇ ಕಷಾಯ, ಭಸ್ಮ, ಪುಡಿಯನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಈ ವಿಷಯದಲ್ಲಿ ರೋಗಿಯನ್ನು ಗದರಿಸಿದರೆ ಆತ ಮುಚ್ಚಿಡುತ್ತಾನೆ; ಸಮಾಧಾನದಿಂದ ಕೇಳಿದರೆ ಹೇಳುತ್ತಾನೆ.

11. ಗ್ರಾಮ ಪಂಚಾಯತಿಯ ಪಾತ್ರ

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿದೆ. ಹೊರರಾಜ್ಯದ ಆಸ್ಪತ್ರೆಗೆ ಹೋಗುವವರು ಅಲ್ಲಿ ಕಾರ್ಡು ಸಲ್ಲುವುದೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸುವಂತೆ ತಿಳಿಸಬೇಕು. ಅರ್ಧಕ್ಕೆ ಚಿಕಿತ್ಸೆ ಬಿಡುವವರಲ್ಲಿ ಅಡ್ಡಪರಿಣಾಮಕ್ಕೆ ಹೆದರಿದವರೂ ಇರುತ್ತಾರೆ, ಬಸ್ಸಿನ ಖರ್ಚಿಗೆ ಸೋತವರೂ ಇರುತ್ತಾರೆ. ರಾತ್ರಿ ವೇಳೆ ವಾಹನ ದೊರಕಿಸುವುದು, ರೋಗಿಯ ಮನೆಗೆ ಶುದ್ಧ ನೀರು ತಲುಪಿಸುವುದು, ತಾಂಡಾ ಮತ್ತು ಹೊಲದ ಮನೆಗಳಲ್ಲಿರುವ ರೋಗಿಗಳನ್ನು ಗುರುತಿಸುವುದು ಸದಸ್ಯರು ಮಾಡಬಹುದಾದ ನೇರ ಸಹಾಯ.

12. ಅಭ್ಯಾಸ

ಮಾಸಿಕ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸತಕ್ಕದ್ದು.

(1) ತಿಂಗಳ 12ರಂದು ಔಷಧ ಪಡೆದವರ ಕೆಂಪು ದಿನಗಳು ಯಾವುವು? ಉತ್ತರ: 18ರಿಂದ 25.

(2) ಹನ್ನೊಂದನೆಯ ದಿನ ರಾತ್ರಿ ರೋಗಿಗೆ 100.8 ಡಿಗ್ರಿ ಜ್ವರ. ಪ್ಯಾರಾಸಿಟಮಾಲ್ ನಂತರ ಇಳಿಯಿತು. ಬೆಳಗಿನವರೆಗೆ ಕಾಯಬಹುದೇ? ಉತ್ತರ: ಕೂಡದು. ಜ್ವರ ಇಳಿದರೂ ಕೂಡಲೇ ಕಳುಹಿಸಬೇಕು.

(3) ಕೆಂಪು ಔಷಧ ಪಡೆದ ಮರುದಿನ ಮೂತ್ರ ಕೆಂಪಾಗಿದೆ, ಬೇರೆ ತೊಂದರೆಯಿಲ್ಲ. ಎಂಟನೆಯ ದಿನವೂ ಹಾಗೆಯೇ ಆದರೆ? ಉತ್ತರ: ಮೊದಲನೆಯದು ಔಷಧದ ಬಣ್ಣ, ಎರಡನೆಯದು ರಕ್ತವಿರಬಹುದು, ಆಸ್ಪತ್ರೆಗೆ ಕಳುಹಿಸಬೇಕು.

(4) ನಿಮ್ಮ ವ್ಯಾಪ್ತಿಯಲ್ಲಿ ಇಂದು ಕಿಮೋಥೆರಪಿ ಪಡೆಯುತ್ತಿರುವವರು ಎಷ್ಟು ಮಂದಿ? ಅವರಲ್ಲಿ ಪ್ರತಿಯೊಬ್ಬರಿಗೂ ಇದು ಎಷ್ಟನೆಯ ದಿನ? ಈ ಪ್ರಶ್ನೆಯ ಉತ್ತರ ಪಾಠದಲ್ಲಿಲ್ಲ. ಪ್ರತಿಯೊಬ್ಬ ಕಾರ್ಯಕರ್ತೆಯ ದಿನಚರಿ ಪುಸ್ತಕದಲ್ಲಿ ಇರಬೇಕು.

ಸೂಚನೆ: ಈ ಪಾಠವು ಚಿಕಿತ್ಸೆ ನೀಡುವ ವೈದ್ಯರ ಆದೇಶಕ್ಕೆ ಪರ್ಯಾಯವಲ್ಲ. ಎರಡರಲ್ಲಿ ವ್ಯತ್ಯಾಸ ಕಂಡಲ್ಲಿ ವೈದ್ಯರ ಬರಹವನ್ನೇ ಪಾಲಿಸತಕ್ಕದ್ದು.